ಎರಡೂ ಕಡೀಗೆ ಬೇಕಾದಾಕಿ

ಮೈಸೂರು
೬ ಅಕ್ಟೋಬರ್ ೨೦೨೪, ರವಿವಾರ

ಅಕ್ಕಾ,

ಪತ್ರದ ಮೊದಲ ಸಾಲಿನಲ್ಲಿ ಕ್ಷೇಮ ಅಂತ ಬರೆಯಬೇಕಂತೆ. ನಾನು ಕ್ಷೇಮವೋ ಅಲ್ಲವೋ ನನಗೇ ತಿಳಿಯುತ್ತಿಲ್ಲ, ಅದಕ್ಕೆ ಆ ಸಾಲನ್ನು ಬಿಟ್ಟಿದ್ದೇನೆ. ಊಟ ಮಾಡುತ್ತೇನೆ, ಕ್ಲಾಸಿಗೆ ಹೋಗುತ್ತೇನೆ, ಆದರೆ ಎಲ್ಲದಕ್ಕೂ ಹೆದರುತ್ತೇನೆ. ಆರನೇ ತರಗತಿಯಿಂದ ಹಾಸ್ಟೆಲಿನಲ್ಲೇ ಬೆಳೆದವಳಿಗೆ ಇನ್ನೊಂದು ಹಾಸ್ಟೆಲ್ ಅಂದರೆ ಯಾಕೆ ಭಯವಾಗಬೇಕು ಹೇಳು. ಮೊದಲ ದಿನ ಅನಾಟಮಿ ಮೇಡಂ ಹಾಜರಿ ಕರೆದಾಗ “ಅದೀನ್ರಿ” ಅಂದುಬಿಟ್ಟೆ. ಇಡೀ ಕ್ಲಾಸು ತಿರುಗಿ ನೋಡಿತು. ಈಗ “ಪ್ರೆಸೆಂಟ್ ಮ್ಯಾಮ್” ಅನ್ನುವುದನ್ನು ಬಾಯಲ್ಲೇ ಪ್ರಾಕ್ಟೀಸ್ ಮಾಡಿಕೊಂಡು ಹೋಗುತ್ತೇನೆ.

ನರ್ಸಿಂಗ್ ಫಸ್ಟ್ ಇಯರ್‌ನವರ ಫೋನುಗಳೆಲ್ಲ ವಾರವಿಡೀ ವಾರ್ಡನ್ ಹತ್ತಿರ. ರವಿವಾರ ಮಾತ್ರ ಕೊಡುತ್ತಾರೆ. ಹೇಗೂ ಫೋನಿನಲ್ಲಿ ಕೇಸಿನ ಒಂದು ಮಾತೂ ಬೇಡ ಎಂದು ನಿಮ್ಮ ವಕೀಲರು ಹೇಳಿದ್ದಾರಲ್ಲ. ಹೇಮಂತ ಮಾಮಾ ನಿನ್ನ ದನಿ ರೆಕಾರ್ಡ್ ಮಾಡಿ ಕೋರ್ಟಿಗೆ ಕೊಟ್ಟ ಅಂದಾಗ ನನಗೆ ನಂಬಲಿಕ್ಕೇ ಆಗಲಿಲ್ಲ. ಆದ್ದರಿಂದ ಇನ್ನು ಹೀಗೇ ಬರೆಯುತ್ತೇನೆ. ಕನ್ನಡ ತಪ್ಪಿದ್ದರೆ ನಗಬೇಡ.

ನನ್ನ ರೂಮ್‌ಮೇಟ್ ಶಬನಮ್ ಚಾಮರಾಜನಗರದ ಕಡೆಯವಳು. ಮಾಮಾ ಅಂದರೆ ಯಾರು ಅಂತ ಕೇಳಿದಳು. ನಮ್ಮ ಅವ್ವನ ತಮ್ಮ ಅಂದೆ. ಭಾವ ಯಾರು ಅಂದಳು. ಅವನೇ ಅಂದೆ. ಅಕ್ಕನನ್ನು ಸೋದರಮಾವನಿಗೇ ಕೊಟ್ಟಿದ್ದರು, ಈಗ ಒಂದು ವರ್ಷದಿಂದ ಇಬ್ಬರೂ ಬೇರೆ, ಅಕ್ಕ ಮಗಳನ್ನು ಕರೆದುಕೊಂಡು ಅವ್ವನ ಮನೆಯಲ್ಲಿದ್ದಾಳೆ ಎಂದು ಬಿಡಿಸಿ ಹೇಳಿದೆ. ಅವಳು, “ಹಾಗಾದ್ರೆ ಜಗಳ ಆದ್ರೆ ನಿಮ್ಮಮ್ಮ ಯಾರ ಕಡೆ?” ಅಂದಳು.

ಅದಕ್ಕೆ ನಾನು ಕೋರ್ಟಿನ ಕಥೆ ಹೇಳಿದೆ. ಮಗುವನ್ನು ಅಪ್ಪ ಒಬ್ಬನೇ ಭೇಟಿ ಮಾಡುವಂತಿಲ್ಲ, ಯಾರಾದರೂ ನಂಬಿಕಸ್ಥರು ಎದುರಿಗೆ ಕೂತಿರಬೇಕು, ಒಬ್ಬೊಬ್ಬರ ಹೆಸರು ಕೊಡಿ ಅಂತ ಜಡ್ಜ್ ಕೇಳಿದ್ದು. ಅವನ ವಕೀಲರು “ನಮ್ಮ ಕಕ್ಷಿದಾರರ ಅಕ್ಕ ಸಾವಿತ್ರೆವ್ವ” ಎಂದು, ನಿಮ್ಮವರು “ನಮ್ಮ ಕಕ್ಷಿದಾರರ ತಾಯಿ ಸಾವಿತ್ರೆವ್ವ” ಎಂದು ಕೊಟ್ಟದ್ದು. ಜಡ್ಜ್ ಕನ್ನಡಕ ತೆಗೆದು ಇಬ್ಬರು ಸಾವಿತ್ರೆವ್ವಂದಿರೇ ಅಂತ ಕೇಳಿದ್ದು. ಹಿಂದಿನ ಬೆಂಚಿನಿಂದ ಅವ್ವ ಎದ್ದು ನಿಂತು ಹೇಳಿದ್ದನ್ನಂತೂ ಆಕ್ಟಿಂಗ್ ಮಾಡಿ ತೋರಿಸಿದೆ: “ಒಬ್ಬಾಕೀನರೀ ಸಾಹೇಬ್ರ. ನಾ ಎರಡೂ ಕಡೀಗೆ ಬೇಕಾದಾಕಿ.”

ಶಬನಮ್ ನಕ್ಕಳು. ನನಗೂ ಧೈರ್ಯ ಬಂತು. ಅವ್ವ ಕೂತಿರುತ್ತಾಳೆ ಅಂದಮೇಲೆ ನೀಲಾಳಿಗೆ ಏನು ಭಯ? ಬೇಜಾರಾಗಬೇಡ ಅಕ್ಕಾ, ಆದರೆ ಒಂದು ಕೇಳುತ್ತೇನೆ. ಐದು ವರ್ಷದ ಮಗಳನ್ನು ನೋಡಲು ಅಪ್ಪನಿಗೆ ಕಾವಲು ಬೇಕಾ? ಪ್ರತಿ ಜೂನ್‌ನಲ್ಲಿ ನನ್ನ ಟ್ರಂಕು ಬೈಕಿಗೆ ಕಟ್ಟಿಕೊಂಡು ಹಾಸ್ಟೆಲಿಗೆ ಬಿಟ್ಟವನು ಅವನೇ. ನಮ್ಮ ಅಪ್ಪ ತೀರಿದ ಮೇಲೆ ನನ್ನ ಎಲ್ಲ ಫಾರ್ಮಿನಲ್ಲೂ ಪೋಷಕ ಎಂದು ಸಹಿ ಮಾಡಿದವನು ಅವನೇ. ಇಲ್ಲಿಯೂ ಅವನದೇ ಸಹಿ. ಇವತ್ತು ಫೋನ್ ಕೈಗೆ ಬಂದ ಕೂಡಲೇ ಬಂದ ಮೊದಲ ಕಾಲ್ ಸಹ ಅವನದೇ. ಊಟ ಹೆಂಗದ ಅಂತ ಕೇಳಿದ.

ದಸರೆಯ ದಿನವೇ ಎರಡನೇ ಶನಿವಾರ ಬಂದಿದೆ. ಭೇಟಿ ಹೇಗಾಯಿತು ಬರೆ.

ರೋಹಿಣಿ

*

ಮೊರಬ
೧೪ ಅಕ್ಟೋಬರ್ ೨೦೨೪

ರೋಹಿಣಿ,

ನಿನ್ನ ಕನ್ನಡ ಚೆನ್ನಾಗಿಯೇ ಇದೆ. ಪ್ರಶ್ನೆಗಳು ಮಾತ್ರ ನೆಟ್ಟಗಿಲ್ಲ.

ಭೇಟಿ ನಮ್ಮ ಓಣಿಯ ಅಂಗನವಾಡಿಯಲ್ಲಿ. ಎರಡನೇ, ನಾಲ್ಕನೇ ಶನಿವಾರ ಅದಕ್ಕೆ ರಜೆ, ಕೀಲಿ ಅಲ್ಲಿಯ ಟೀಚರ್ ಜಮೀಲಾಬಿಯವರ ಕೈಯಲ್ಲಿ. ನಾನು ಒಳಗೆ ಹೋಗುವಂತಿಲ್ಲ, ಆದೇಶ ಹಾಗಿದೆ. ಎದುರಿಗಿರುವ ಜಮೀಲಾಬಿಯವರ ಕಟ್ಟೆಯ ಮೇಲೆ ಕೂತಿರುತ್ತೇನೆ. ಒಳಗೆ ಅವನು, ನೀಲಾ, ಅವ್ವ.

ಬನ್ನಿ ಹಿಡಿದುಕೊಂಡು ಬಂದ. ಓಣಿಯವರಿಗೆಲ್ಲ “ಬನ್ನಿ ತಗೊಂಡು ಬಂಗಾರದಂಗ ಇರೂಣು” ಅಂತ ಹಂಚಿದ. ಅವ್ವನ ಕಾಲು ಮುಟ್ಟಿದ. ಅವ್ವ ಅತ್ತಳು. ಹೊಸ ಜೀಪಿನಲ್ಲಿ ಬಂದಿದ್ದ. ಮಗಳಿಗೆ ತಿಂಗಳು ತಿಂಗಳು ಜೀವನಾಂಶ ಕೊಡು ಅಂತ ಆದೇಶವಾಗಿ ಒಂದು ಸಲವೂ ಕೊಟ್ಟಿಲ್ಲ. ಕುಂದಗೋಳದ ಗೊಬ್ಬರದ ಅಂಗಡಿ ಲುಕ್ಸಾನಿನಲ್ಲಿದೆ ಅಂತ ಕೋರ್ಟಿಗೆ ಹೇಳಿದ್ದಾನೆ.

ಮನೆಗೆ ಬಂದು ನೀಲಾ ಕೇಳಿದ ಮೊದಲ ಮಾತು ಬರೆಯುತ್ತೇನೆ, ನೋಡು. “ಯವ್ವಾ, ನೀ ನನಗ ಹೊಡೀತಿ ಅಂತ ಫೋನಿನ್ಯಾಗ ಹೇಳಿದ್ರ ಅಪ್ಪ ಚಾಕಲೇಟ್ ಕೊಡ್ತಾನಂತ. ಹೇಳ್ಲ್ಯಾ?”

ಅವ್ವ ಅಲ್ಲೇ ಇದ್ದಳು. ಕೇಳಿದರೆ, ಬನ್ನಿಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದೆ, ಲಕ್ಷ್ಯ ಇರಲಿಲ್ಲ ಅಂದಳು.

ಇನ್ನು ನೀನು ಕೇಳಿದ ಕಾವಲಿನ ಮಾತು. ಕಳೆದ ವರ್ಷ ಯುಗಾದಿಗೆ ನೀನು ಬಂದಾಗ ನನ್ನ ಬಲಗೈ ಪ್ಲಾಸ್ಟರಿನಲ್ಲಿತ್ತು. ಬಚ್ಚಲಿನಲ್ಲಿ ಜಾರಿ ಬಿದ್ದಳು ಅಂತ ಎಲ್ಲರೂ ಹೇಳಿದ್ದರು, ನಾನೂ ಹೇಳಿದ್ದೆ. ನಾನು ಜಾರಿ ಬಿದ್ದಿರಲಿಲ್ಲ. ಬಾಗಿಲ ಸಂದಿಯಲ್ಲಿ ನನ್ನ ಕೈ ಇಟ್ಟು ಅವನು ಬಾಗಿಲು ಎಳೆದಿದ್ದ. ನೀಲಾ ನೋಡುತ್ತಿದ್ದಳು. ಸಾರಿನಲ್ಲಿ ಉಪ್ಪು ಹೆಚ್ಚಾಗಿದೆ ಎಂಬುದಕ್ಕಾಗಿ ಅಲ್ಲ, ಉಪ್ಪು ಹೆಚ್ಚಾಗಿಲ್ಲ ಅಂತ ನಾನು ಅಂದದ್ದಕ್ಕೆ.

ಹಾಸ್ಟೆಲಿನವಳಿಗೆ ಯಾಕೆ ಹೇಳಬೇಕು, ಓದಲಿ ಅಂತ ಸುಮ್ಮನಿದ್ದೆ. ಅವನ ಫೋನ್ ಎತ್ತಬೇಡ.

ಸುನಿತಾ

*

ಮೈಸೂರು
೨೦ ಅಕ್ಟೋಬರ್ ೨೦೨೪, ರವಿವಾರ

ಅಕ್ಕಾ,

ನಿನ್ನ ಪತ್ರ ಓದಿದ ಮೇಲೆ ಮಧ್ಯಾಹ್ನ ಅನಾಟಮಿ ಪ್ರಾಕ್ಟಿಕಲ್ ಇತ್ತು. ಮೇಡಂ ನನ್ನ ಕೈಗೆ ಮುಂಗೈಯ ಎರಡು ಎಲುಬು ಕೊಟ್ಟು ಯಾವುದು ರೇಡಿಯಸ್, ಯಾವುದು ಅಲ್ನಾ ಹೇಳು ಅಂದರು. ಗೊತ್ತಿತ್ತು. ಆದರೂ ಅದಲು ಬದಲಾಗಿ ಹೇಳಿದೆ. ಕೈ ಊರಿ ಬಿದ್ದರೆ ಯಾವುದು ಮುರಿಯುತ್ತದೆ ಅಂತ ಕೇಳಿದರು. ನಾನು ಅಳಲು ಶುರು ಮಾಡಿದೆ. ಊರಿನ ನೆನಪು ಅಂತ ಎಲ್ಲರೂ ತಿಳಿದರು.

ಯುಗಾದಿಯ ದಿನ ನಾನು ನಿನ್ನ ಪ್ಲಾಸ್ಟರಿನ ಮೇಲೆ ಸ್ಕೆಚ್ ಪೆನ್ನಿನಿಂದ ಹೂವು ಬರೆದಿದ್ದೆ. ಅವನೂ ಪಕ್ಕದಲ್ಲಿ ನಿಂತು, ಒಂದು ಗಿಳಿ ಬರಿ, ನಿಮ್ಮಕ್ಕ ಗಿಳೀಗತೆ ಮಾತಾಡ್ತಾಳ ಅಂದಿದ್ದ. ನಾನು ನಕ್ಕಿದ್ದೆ. ನೀನೂ ನಕ್ಕಿದ್ದೆ. ನೀನು ಯಾಕೆ ನಕ್ಕೆ ಅಕ್ಕಾ?

ಇವತ್ತು ಅವನ ಕಾಲ್ ಬಂತು. ಎತ್ತಲಿಲ್ಲ. ಫೋನನ್ನು ಹಾಸಿಗೆಯ ಮೇಲಿಟ್ಟು ಅದು ನಡುಗುವುದನ್ನು ನೋಡುತ್ತ ಕೂತೆ.

ಅವ್ವನಿಗೆ ಗೊತ್ತಾ? ಗೊತ್ತಾದರೆ ಅವಳ ಎದೆ ಒಡೆಯುತ್ತದೆ. ಅವ್ವನ ತಾಯಿ ಸತ್ತಾಗ ಅವನು ಇನ್ನೂ ಹಾಲು ಕುಡಿಯುವ ಕೂಸು, ಮದುವೆಯಾಗಿ ಬರುವಾಗ ಅವನನ್ನು ಬಗಲಲ್ಲಿ ಎತ್ತಿಕೊಂಡೇ ಮೊರಬಕ್ಕೆ ಬಂದಳು ಅಂತ ಎಷ್ಟು ಸಲ ಹೇಳಿಲ್ಲ. ನಾನಂತೂ ಅವ್ವನಿಗೆ ಹೇಳುವುದಿಲ್ಲ. ನಿನಗೆ ಬೇಕೆನಿಸಿದಾಗ ನೀನೇ ಹೇಳು.

ದೀಪಾವಳಿಗೆ ಬರುತ್ತೇನೆ.

ರೋಹಿಣಿ

*

ಮೈಸೂರು
೧೦ ನವೆಂಬರ್ ೨೦೨೪, ರವಿವಾರ

ಅಕ್ಕಾ,

ಹೊರಡುವ ಮುಂಚೆ ನಿನಗೆ ಸರಿಯಾಗಿ ಹೇಳಿ ಬರಲು ಆಗಲಿಲ್ಲ. ಸೋಮವಾರ ನೀನು ನೀಲಾಳನ್ನು ಕರೆದುಕೊಂಡು ಕೋರ್ಟಿನ ತಾರೀಖಿಗೆ ಹೋಗಿದ್ದೆ, ನನ್ನ ರೈಲು ಸಂಜೆಗೇ ಇತ್ತು. ಅವ್ವ ಹೇಳಿರಬೇಕು, ಆದರೂ ಬರೆಯುತ್ತೇನೆ. ನೀನು ಇಲ್ಲದಾಗ ಅವ್ವನ ತವರು ಕುಬಿಹಾಳದಿಂದ ಮಂದಿ ಬಂದಿದ್ದರು. ದೊಡ್ಡ ಮಾಮಾ, ಅತ್ತಿ, ಜೊತೆಗೆ ನಾಲ್ಕು ಮಂದಿ ಮುತ್ತೈದೆಯರು. ಹೇಮಂತ ಮಾಮಾ ಒಳಗೆ ಬರಲಿಲ್ಲ, ಜೀಪಿನ ಹತ್ತಿರವೇ ನಿಂತಿದ್ದ. ಅವನನ್ನು ನೋಡಿ ನಾನು ಒಳಗಿನ ಕೋಣೆಗೆ ಹೊರಟಿದ್ದೆ. ಆದರೆ ಹೆಂಗಸರು ನನ್ನನ್ನು ಸುತ್ತುವರಿದು ಕೂತುಬಿಟ್ಟರು.

ಸಿಟ್ಟು ಮಾಡಿಕೊಳ್ಳಬೇಡ. ಅವರು ಬಂದದ್ದು ನನಗಾಗಿ. ಅತ್ತಿ ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಒಂದು ಇಳಕಲ್ ಸೀರೆ. ಬಾಯಿಗೆ ಸಕ್ಕರೆ ಹಾಕಿದಳು. ನನಗೆ ಏನು ಮಾಡಬೇಕೋ ಗೊತ್ತಾಗದೆ ಅವ್ವನ ಮುಖ ನೋಡಿದೆ. “ತಿನ್ನವಾ, ದೂರದೂರಿಗೆ ಹೋಗಾಕಿ” ಅಂದಳು. ತಿಂದೆ. ಎಲ್ಲರೂ ಒಬ್ಬರ ಬಾಯಿಗೆ ಒಬ್ಬರು ಸಕ್ಕರೆ ಹಾಕಿಕೊಂಡು ನಕ್ಕರು. ಅತ್ತಿ ಒಂದು ದಾರ ತೆಗೆದು ನನ್ನ ಬೆರಳಿಗೆ ಸುತ್ತಿ ನೋಡಿ, “ಎಷ್ಟ ಸಣ್ಣ ಬಟ್ಟು, ಹಾಸ್ಟೆಲ್‌ನ್ಯಾಗ ಏನೂ ತಿನಸಂಗಿಲ್ಲೇನ” ಅಂತ ಚಾಷ್ಟಿ ಮಾಡಿದಳು.

ನಿಜ ಹೇಳಲಾ ಅಕ್ಕಾ? ನನಗೆ ಖುಷಿಯಾಯಿತು. ಹಾಸ್ಟೆಲಿಗೆ ಹೋಗುವಾಗ ಇಷ್ಟು ವರ್ಷ ಯಾರೂ ಹೀಗೆ ನನ್ನನ್ನು ಮಣೆಯ ಮೇಲೆ ಕೂರಿಸಿರಲಿಲ್ಲ. ಅವನು ಹೇಗಾದರೂ ಇರಲಿ, ಅವ್ವನ ತವರಿನವರು ನಮ್ಮನ್ನು ಬಿಟ್ಟಿಲ್ಲ ಅಂತ ಸಮಾಧಾನವಾಯಿತು. ಕೇಸು ಮುಗಿಯಲು ಇದರಿಂದ ದಾರಿಯಾಗಬಹುದಾ?

ರೋಹಿಣಿ

*

ಮೊರಬ
೧೮ ನವೆಂಬರ್ ೨೦೨೪

ರೋಹಿಣಿ,

ಸೀರೆಯ ಬಣ್ಣ ಯಾವುದು? ಸಕ್ಕರೆಯನ್ನು ಮೊದಲು ನಿನ್ನ ಬಾಯಿಗೆ ಹಾಕಿದರೋ, ಅವ್ವನ ಬಾಯಿಗೋ? ಬೆರಳಿನ ದಾರವನ್ನು ಏನು ಮಾಡಿದರು? ಇಷ್ಟು ಬರೆ. ಆ ಸೀರೆ ಉಡಬೇಡ. ಅವ್ವ ನನಗೆ ಏನೂ ಹೇಳಿಲ್ಲ.

ಸುನಿತಾ

*

ಮೈಸೂರು
೨೪ ನವೆಂಬರ್ ೨೦೨೪, ರವಿವಾರ

ಅಕ್ಕಾ,

ಹಸಿರು ಸೀರೆ, ಕೆಂಪು ಸೆರಗು. ಸಕ್ಕರೆ ಮೊದಲು ನನಗೆ, ಆಮೇಲೆ ಅವ್ವನಿಗೆ. ದಾರವನ್ನು ಅತ್ತಿ ಗಂಟು ಹಾಕಿ ಕುಂಕುಮದ ಭರಣಿಯಲ್ಲಿ ಇಟ್ಟುಕೊಂಡಳು.

ನಿನ್ನ ಪತ್ರದಲ್ಲಿ ಸಿಟ್ಟು ಕಾಣುತ್ತಿದೆ. ನಿನ್ನನ್ನು ಬಿಟ್ಟು ನನಗೆ ಉಡಿ ತುಂಬಿದ್ದಕ್ಕಾ? ನಿನಗೆ ಆ ಸೀರೆ ಬೇಕಿದ್ದರೆ ತೆಗೆದುಕೋ ಅಕ್ಕಾ, ಅಲ್ಲೇ ಅವ್ವನ ಟ್ರೆಜರಿ ಕಪಾಟಿನಲ್ಲಿದೆ. ನಾನು ಇಲ್ಲಿ ವಾರವಿಡೀ ಬಿಳಿ ಯೂನಿಫಾರ್ಮ್ ಹಾಕುವವಳು, ನನಗ್ಯಾಕೆ ಇಳಕಲ್. ಅವರ ಮನೆಯ ಸೀರೆಗಾಗಿ ನಾವಿಬ್ಬರೂ ಮನಸ್ಸು ಕೆಡಿಸಿಕೊಳ್ಳುವುದು ಬೇಡ.

ಬೇಗ ಬರೆ. ಇಂಟರ್ನಲ್ಸ್ ಹತ್ತಿರ ಬಂದಿದೆ, ನಿನ್ನ ಪತ್ರ ಬರದಿದ್ದರೆ ಓದಿದ್ದು ತಲೆಗೆ ಹತ್ತುವುದಿಲ್ಲ.

ರೋಹಿಣಿ

*

ಮೈಸೂರು
೮ ಡಿಸೆಂಬರ್ ೨೦೨೪, ರವಿವಾರ

ಅಕ್ಕಾ,

ಎರಡು ವಾರದಿಂದ ದಿನಾಲೂ ಆಫೀಸಿನ ಕಿಟಕಿಗೆ ಹೋಗಿ ಪತ್ರ ಬಂದಿದೆಯಾ ಅಂತ ಕೇಳುತ್ತೇನೆ. ಆ ಗುಮಾಸ್ತರು ನನ್ನನ್ನು ಕಂಡರೆ ದೂರದಿಂದಲೇ ತಲೆ ಅಲ್ಲಾಡಿಸುತ್ತಾರೆ. ನೀಲಾಳಿಗೆ ಜ್ವರವಾ? ಸೀರೆಯ ಮಾತು ಬರೆದದ್ದು ತಪ್ಪಾಯಿತಾ? ಇಂಟರ್ನಲ್ಸ್‌ನಲ್ಲಿ ಫಿಸಿಯಾಲಜಿ ಪೂರ್ತಿ ಹೋಯಿತು.

ಇವತ್ತು ಅವ್ವನಿಗೆ ಫೋನ್ ಮಾಡಿದ್ದೆ. ನೀನು ಬಾಜು ಇಲ್ಲ, ಹೊಲಿಗೆಗೆ ಕೂತಿದ್ದೀ ಅಂದಳು. ಅವ್ವನ ದನಿ ಮಾತ್ರ ಹಬ್ಬದ ದನಿಯಂತಿತ್ತು. ಅವನು ಬಾಕಿಯೆಲ್ಲವನ್ನೂ ಒಂದೇ ಸಲಕ್ಕೆ ನಿನ್ನ ಖಾತೆಗೆ ಹಾಕಿದನಂತೆ. ಭೇಟಿಯಲ್ಲಿ ಈಗ ಫೋನ್ ತೆಗೆಯುವುದೇ ಇಲ್ಲವಂತೆ. ನಿಜವಾ? ನಿಜವಾದರೆ ನೀನು ನನಗೆ ಅದನ್ನಾದರೂ ಬರೆಯಬಹುದಿತ್ತಲ್ಲ.

ಮಾಮಾ ಮತ್ತೆ ಮನೆಗೆ ಬಂದಿದ್ದನಾ ಅಂತ ಕೇಳಿದ್ದಕ್ಕೆ ಅವ್ವ ನನ್ನನ್ನೇ ಗದರಿದಳು. “ಬಂದಿದ್ದನಾ ಅಂತ ಏಕವಚನದಾಗ ಅನಬ್ಯಾಡ ಇನ್ನ. ಮಾಮಾ ಅಂತೂ ಅನಬ್ಯಾಡ. ದೊಡ್ಡಾಕಿ ಆದಿ. ಬಂದಿದ್ರೇನು ಅಂತ ಕೇಳಬೇಕು.” ನನಗೆ ನಗು ಬಂತು. ಕೈ ಮುರಿದವನಿಗೆ ಬಹುವಚನ ಬೇರೆ ಕೊಡಬೇಕಾ ಅಂತ ಬಾಯಿಗೆ ಬಂದಿತ್ತು, ಪಾಪ ಅವ್ವನಿಗೆ ಏನೂ ಗೊತ್ತಿಲ್ಲವಲ್ಲ ಅಂತ ನುಂಗಿಕೊಂಡೆ. ಶಬನಮ್‌ಗೆ ಹೇಳಿದೆ. ಅವಳು ನಗಲಿಲ್ಲ. “ನಿನ್ನ ಅಕ್ಕನ ಗಂಡನ್ನ ಏನಂತ ಕರೀಬೇಕು ಅಂತ ನಿಮ್ಮಮ್ಮ ಈಗ ಯಾಕೆ ಹೇಳಿಕೊಡ್ತಿದ್ದಾರೆ?” ಅಂದಳು. ನನಗೆ ಅವಳ ಮೇಲೆ ಸಿಟ್ಟು ಬಂತು. ನಮ್ಮ ಕಡೆಯ ರೀತಿ ಅವಳಿಗೇನು ಗೊತ್ತು.

ಆದರೆ ಆಗಿನಿಂದ ಆ ಪ್ರಶ್ನೆ ಹೋಗುತ್ತಿಲ್ಲ. ಅಕ್ಕಾ, ದಯವಿಟ್ಟು ಬರೆ. ಬೈದಾದರೂ ಬರೆ.

ರೋಹಿಣಿ

*

ಮೊರಬ
೧೬ ಡಿಸೆಂಬರ್ ೨೦೨೪

ರೋಹಿಣಿ,

ಕೂತು ಓದು.

ನಿನಗೆ ತುಂಬಿದ್ದು ದೂರದೂರಿಗೆ ಹೋಗುವವಳ ಉಡಿಯಲ್ಲ. ಹಸಿರು ಸೀರೆ ಕೊಟ್ಟು, ಗಂಡಿನ ಮನೆಯ ಮುತ್ತೈದೆಯರು ಹುಡುಗಿಯ ಬಾಯಿಗೆ ಮೊದಲು ಸಕ್ಕರೆ ಹಾಕಿ, ಆಮೇಲೆ ಹೆತ್ತವಳಿಗೆ ಹಾಕಿದರೆ ಅದು ನಿಶ್ಚಯದ ಸಕ್ಕರೆ. ದಾರ ಉಂಗುರದ ಅಳತೆ. ಹಳ್ಳಿಯಲ್ಲಿ ಬೆಳೆದ ಯಾವ ಹುಡುಗಿಯಾದರೂ ಮಣೆಯಿಂದ ಎದ್ದು ಓಡುತ್ತಿದ್ದಳು. ನೀನು ಹಬ್ಬ ಹುಣ್ಣಿಮೆಗೆ ಮಾತ್ರ ಮನೆಗೆ ಬಂದವಳು, ನಿನಗೆ ತಿಳಿಯುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ನಾನು ಇರದ ದಿನ ನೋಡಿ ಬಂದರು. ಅವ್ವನೇ ದಿನ ಹೇಳಿದ್ದಳು.

ನಿನ್ನನ್ನು ಹೇಮಂತನಿಗೆ ಕೊಡುವುದು ಅಂತ ಮಾತಾಗಿದೆ.

ಇದೆಲ್ಲ ಮಾತಾದದ್ದು ಅಂಗನವಾಡಿಯಲ್ಲಿ, ನೀಲಾಳ ಭೇಟಿಯ ಹೊತ್ತಿನಲ್ಲಿ. ಅವಳ ಮುಂದೆ ಆಟದ ಸಾಮಾನು ಹಾಕಿ, ಅಕ್ಕ ತಮ್ಮ ಕೂತು ಮಾತಾಡಿದ್ದಾರೆ. ಜಮೀಲಾಬಿಯವರು ನೀರು ಕೊಡಲು ಹೋದಾಗ ಕಿವಿಗೆ ಬಿದ್ದಿದೆ. ಅವರು ನನಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ, ಅಕ್ಕಿ ಆರಿಸುತ್ತಲೇ ಹೇಳಿದರು. ನಿನ್ನ ಉತ್ತರ ಬಂದ ಮೇಲೆ ಉಳಿದ ಸಂಶಯವೂ ಹೋಯಿತು. ಅವ್ವನನ್ನು ಕೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಎಲ್ಲ ಒಪ್ಪಂದವನ್ನೂ ಸಂತೆಯ ಸಾಮಾನು ಹೇಳುವಂತೆ ಹೇಳಿದಳು. ನಾನು ಒಪ್ಪಿ ಡೈವೋರ್ಸಿಗೆ ಸಹಿ ಹಾಕಬೇಕು. ಅವನು ಜೀವನಾಂಶದ ಬಾಕಿ ತೀರಿಸುತ್ತಾನೆ, ನೀಲಾಳನ್ನು ಎಂದೂ ಕೇಳುವುದಿಲ್ಲ ಅಂತ ಕೋರ್ಟಿನಲ್ಲಿ ಬರೆದುಕೊಡುತ್ತಾನೆ. ಭೇಟಿ ಇಲ್ಲ, ತಾರೀಖು ಇಲ್ಲ. ಶಿವರಾತ್ರಿ ಕಳೆದ ಮೇಲೆ ನಿನ್ನ ಮದುವೆ.

“ನಿನಗ ಮಗಳು ಉಳೀತಾಳ” ಅಂದಳು. “ಅವಗ ಮರ್ಯಾದಿ ಉಳೀತದ. ನನಗ ತವರು ಉಳೀತದ. ಯಾರಿಗೇನ ಹೋತು?”

“ರೋಹಿಣಿಗೆ?”

“ಅದು ನಿನ್ನಂಗ ಎದುರು ಮಾತಾಡೂದಿಲ್ಲ. ಹಾಸ್ಟೆಲ್‌ನ್ಯಾಗ ಬೆಳದೈತಿ, ಗಂಟಿ ಹೊಡದ್ರ ಏಳತೈತಿ, ಗಂಟಿ ಹೊಡದ್ರ ಉಣತೈತಿ. ನಿಭಾಯಿಸತೈತಿ.”

ಅವನಿಗೆ ಇದರಿಂದ ಏನು ಸಿಗುತ್ತದೆ ಗೊತ್ತಾ? ತಂಗಿಯನ್ನೇ ಕೊಟ್ಟರು ಅಂದರೆ ತಪ್ಪು ಅಕ್ಕನದೇ ಇತ್ತು ಅಂತ ಎರಡೂ ಊರಿಗೆ ಸಾರಿದ ಹಾಗೆ. ಕೋರ್ಟು ಹೇಳಿದ್ದೆಲ್ಲ ಸುಳ್ಳಾಗುತ್ತದೆ.

ನೀನು ಅವ್ವನಿಗೆ ಹೇಳುವುದಿಲ್ಲ, ಅವಳ ಎದೆ ಒಡೆಯುತ್ತದೆ ಅಂತ ಬರೆದಿದ್ದೆಯಲ್ಲ. ನಾನು ನನ್ನ ಬಲಗೈ ಅವಳ ಮುಂದೆ ಹಿಡಿದು, ಇದು ನಿನಗೆ ಗೊತ್ತಿಲ್ಲ ಅಂತ ಶುರು ಮಾಡಿದೆ. 

“ಗೊತ್ತೈತಿ” ಅಂದಳು. “ಬಚ್ಚಲದಾಗ ಜಾರಿದ್ಲು ಅಂತ ಡಾಕ್ಟರಗ ಹೇಳಿದಾಕಿ ನಾನ.”

ನಾನು ಎಕ್ಸ್‌ರೇ ಕೋಣೆಯಲ್ಲಿದ್ದಾಗ ಹೇಳಿದ್ದಳಂತೆ. ನಾನು ಹೊರಗೆ ಬಂದು ಡಾಕ್ಟರಿಗೆ ಹೇಳುವ ಮೊದಲೇ ಚೀಟಿಯಲ್ಲಿ ಹಾಗೆ ಬರೆದಾಗಿತ್ತು. ಅವನೇ ಹೇಳಿರಬೇಕು ಅಂತ ನಾನು ಇಷ್ಟು ದಿನ ತಿಳಿದಿದ್ದೆ.

ಈಗ ನಿನಗೆ ಇನ್ನೊಂದು ಬರೆಯಬೇಕು. ನಿನ್ನ ಉತ್ತರ ನವೆಂಬರ್ ಕೊನೆಗೇ ನನಗೆ ಮುಟ್ಟಿತ್ತು. ಬಾಕಿ ಹಣ ಖಾತೆಗೆ ಬಂದದ್ದೂ ಆಗಲೇ. ಆ ವಾರವೇ ನಿನಗೆ ಎಲ್ಲ ಬರೆಯಬಹುದಿತ್ತು. ಬರೆಯಲಿಲ್ಲ. ಮುಂದಿನ ವಾರವೂ ಬರೆಯಲಿಲ್ಲ. ನೀಲಾ ನನ್ನ ಹೊಟ್ಟೆಯ ಮೇಲೆ ಕಾಲು ಹಾಕಿಯೇ ಮಲಗುವುದು, ನಿನಗೆ ಗೊತ್ತು. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಶನಿವಾರ ಅವನು ಬಂದಾಗ ನಾನು ನೀಲಾಳನ್ನು ಅಂಗನವಾಡಿಗೆ ಬಿಡಲು ಹೋದೆ. ಅವನು ಬಾಗಿಲಲ್ಲೇ ನಿಂತು ಅವಳಿಗೆ, ರೋಹಿಣಿ ಚಿಗವ್ವ ನಮ್ಮ ಮನೀಗೆ ಬಂದ್ರ ನಿನಗ ಖುಷಿ ಹೌದಲ್ಲ ಅಂತ ಕೇಳಿದ. ನೀಲಾ ನನ್ನ ಹಿಂದೆ ಸರಿದು ಕೇಳಿದಳು: “ಆಕಿ ಕೈನೂ ಬಾಗಲದಾಗ ಇಡ್ತೀಯೇನ?” ಐದು ವರ್ಷದ ಕೂಸು. ನನಗೆ ಮೂರು ವಾರ ಬೇಕಾಯಿತು.

ಅಂದೇ ವಕೀಲರ ಹತ್ತಿರ ಹೋದೆ. ಭೇಟಿಗೆ ಅವ್ವ ಬೇಡ, ಬೇರೆ ಯಾರನ್ನಾದರೂ ಕೋರ್ಟೇ ನೇಮಿಸಲಿ ಅಂತ ಅರ್ಜಿಗೆ ಸಹಿ ಹಾಕಿದೆ. ಇದರಿಂದ ಅವನು ನೀಲಾಳನ್ನು ತನಗೇ ಕೊಡಿ ಅಂತ ಹಟ ಹಿಡಿಯುತ್ತಾನೆ, ಅವ್ವ ಅವನ ಕಡೆ ಸಾಕ್ಷಿ ಹೇಳುತ್ತಾಳೆ, ಕೂಸು ಕೈ ತಪ್ಪಲೂಬಹುದು ಅಂತ ವಕೀಲರು ಹೇಳಿದರು. ತಿಳಿದೇ ಹಾಕಿದೆ. ಈಗ ಜಮೀಲಾಬಿಯವರ ಮಾಳಿಗೆಯ ಕೋಣೆಯಲ್ಲಿ ಇದ್ದೇವೆ. ಹೊಲಿಗೆಯ ಮಷೀನು ಮಾತ್ರ ತಂದಿದ್ದೇನೆ.

ಅವರು ನಿನ್ನನ್ನು ಕರೆಯಲು ಅಲ್ಲಿಗೇ ಬರಬಹುದು. ಅಲ್ಲಿ ಪೋಷಕ ಅಂತ ಅವನ ಹೆಸರಿದೆ, ಅದನ್ನು ಮರೆಯಬೇಡ.

ಸುನಿತಾ

*

ಮೈಸೂರು
೨೨ ಡಿಸೆಂಬರ್ ೨೦೨೪, ರವಿವಾರ

ಅಕ್ಕಾ,

ನಿನ್ನ ಪತ್ರ ನಿನ್ನೆ ಸಿಕ್ಕಿತು. ಇವತ್ತು ಬೆಳಿಗ್ಗೆ ಅವರು ಬಂದರು.

ಪತ್ರ ಓದಿದ ಮೇಲೆ ನಾನು ಬಾಯಿ ತೊಳೆದೆ. ಮತ್ತೆ ಮತ್ತೆ ತೊಳೆದೆ. ಶಬನಮ್ ಟವೆಲ್ ಹಿಡಿದು ನಿಂತಿದ್ದಳು. ದೀಪಾವಳಿಗೆ ತಿಂದದ್ದು ಈಗ ಹೋಗುತ್ತದಾ ಅಂತ ಅವಳೂ ಅನ್ನಲಿಲ್ಲ.

ವಾರ್ಡನ್ ಮೇಡಂ ಕರೆಸಿ, “ನಿನ್ನ ಗಾರ್ಡಿಯನ್ ಬಂದಿದ್ದಾರೆ, ಜೊತೆಗೆ ನಿನ್ನ ತಾಯಿ. ಮನೆಯಲ್ಲಿ ಫಂಕ್ಷನ್ ಅಂತೆ, ಎರಡು ದಿನ ಕಳಿಸಿ ಅಂತಿದ್ದಾರೆ. ಬ್ಯಾಗ್ ತಗೊಂಡು ಬಾ” ಅಂದರು. ಅವರು ಔಟ್‌ಪಾಸಿಗೆ ಸಹಿ ಹಾಕಿಯೇ ಇಟ್ಟಿದ್ದರು. ಮೂತ್ರಕ್ಕೆ ಹೋಗಬೇಕು ಅನಿಸಿತು. ಹಾಸ್ಟೆಲಿನಲ್ಲಿ ಇಷ್ಟು ವರ್ಷ ದೊಡ್ಡವರು ಬಾ ಅಂದರೆ ಬಂದವಳು, ಹೋಗು ಅಂದರೆ ಹೋದವಳು ನಾನು. ಅವ್ವ ಹೇಳಿದ್ದು ಸುಳ್ಳಲ್ಲ. ಆ ಪಾಸು ಕೈಗೆ ಕೊಟ್ಟಾಗ ನನ್ನ ಕೈ ತಾನಾಗಿ ಮುಂದೆ ಹೋಯಿತು.

ಆಮೇಲೆ ನೀಲಾ ಕೇಳಿದ್ದು ನೆನಪಾಯಿತು. ನಾನು ಹೇಳಿದೆ, ಮೇಡಂ, ನಾನು ಹೋಗುವುದಿಲ್ಲ. ಅವರನ್ನು ಭೇಟಿ ಆಗುತ್ತೇನೆ, ಆದರೆ ನೀವು ನನ್ನ ಜೊತೆ ಆ ರೂಮಿನಲ್ಲಿ ಕೂತಿರಬೇಕು, ಬಾಗಿಲು ತೆಗೆದೇ ಇರಬೇಕು. ಮೇಡಂ ಆ ಪಾಸನ್ನು ವಾಪಸ್ ತೆಗೆದುಕೊಂಡರು. ಯಾಕೆ ಅಂತ ಕೇಳಿದರೆ ನಾನು ಅಲ್ಲೇ ಕುಸಿಯುತ್ತಿದ್ದೆ. ಕೇಳಲಿಲ್ಲ. ತಿದ್ದುತ್ತಿದ್ದ ಉತ್ತರ ಪತ್ರಿಕೆಗಳ ಕಟ್ಟು ಎತ್ತಿಕೊಂಡು ನನ್ನ ಮುಂದೆಯೇ ನಡೆದರು.

ಅವನು ಬಿಳಿ ಅಂಗಿ ಹಾಕಿಕೊಂಡಿದ್ದ. ಫೋನು ಮೇಜಿನ ಮೇಲೆ ಬೋರಲು ಇಟ್ಟಿದ್ದ. ಅವ್ವನ ಮಡಿಲಲ್ಲಿ ಆ ಹಸಿರು ಸೀರೆಯ ಕವರು. ಅವನು ಮೇಡಂಗೆ ನಮಸ್ಕಾರ ಮಾಡಿ, ಮನೀ ಮಾತರಿ ಅಂತ ನಕ್ಕ. ಮೇಡಂ ಮೂಲೆಯ ಕುರ್ಚಿಯಲ್ಲಿ ಕೂತು ತಿದ್ದಲು ಶುರು ಮಾಡಿದರು. ಅವನು ನನ್ನ ಜೊತೆ ಮಾತಾಡಿದ ದನಿ ಎಷ್ಟು ಮೆತ್ತಗಿತ್ತು ಗೊತ್ತಾ ಅಕ್ಕಾ. ಓದು ಬಿಡಿಸುವುದಿಲ್ಲ ಅಂದ. ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಮಾಡಿಸುತ್ತೇನೆ ಅಂದ. ಆಮೇಲೆ ಮುಂದೆ ಬಾಗಿ, “ನಿಮ್ಮಕ್ಕ ಏನೇನ ಬರದಾಳ, ನನಗ ಹೇಳು. ಹೇಳಿದ್ರ ಯಾರೂ ಬೈಯೂದಿಲ್ಲ” ಅಂದ. ನೀಲಾಳನ್ನೂ ಹೀಗೇ ಕೇಳುತ್ತಾನೆ ಅಂತ ನನಗೆ ಥಟ್ಟನೆ ತಿಳಿಯಿತು. ಇದೇ ದನಿಯಲ್ಲಿ, ಹೀಗೇ ಬಾಗಿ.

ನಾನು ಒಪ್ಪಿಲ್ಲ ಅಂದೆ. ದನಿ ಸಣ್ಣಗೆ ಬಂತು, ಆದರೆ ಬಂತು.

“ಸಕ್ಕರಿ ತಿಂದೀಯಲ್ಲ” ಅಂದ.

“ತಿಂದೀನಿ. ಯಾತರ ಸಕ್ಕರಿ ಅಂತ ಯಾರೂ ಹೇಳಲಿಲ್ಲ.”

ಮೂಲೆಯಲ್ಲಿ ಮೇಡಂನ ಪೆನ್ನು ನಿಂತಿತು. ಅವನು ಫೋನು ತೆಗೆದು ಜೇಬಿಗೆ ಹಾಕಿಕೊಂಡ. ಮುಖ ಹೇಗಾಯಿತು ಅಂತ ನಿನಗೆ ಬರೆದು ತೋರಿಸುವ ಅಗತ್ಯವಿಲ್ಲ, ನೀನು ನೋಡಿದ್ದೀ. ನಾನು ಇವತ್ತು ಮೊದಲ ಸಲ ನೋಡಿದೆ. ಎದ್ದು ನಿಂತು, ಹಾಗಾದರೆ ನೀಲಾಳನ್ನು ತಾನು ಬಿಡುವುದಿಲ್ಲ, ಜೀವನಾಂಶದ ಒಂದು ಪೈಸೆ ಇನ್ನು ಕಾಣುವುದಿಲ್ಲ, ಇದೆಲ್ಲ ನಿನ್ನಿಂದಲೇ ಆದದ್ದು ಅಂತ ನಿಮ್ಮಕ್ಕನಿಗೆ ಬರೆ ಅಂದ. ಬರೆದಿದ್ದೇನೆ. ಅವ್ವನಿಗೆ ಬಾ ಅಂತಲೂ ಅನ್ನದೆ ಹೊರಗೆ ಹೋದ.

ನೀನು ಬರೆಯದೆ ಇದ್ದ ಆ ವಾರಗಳ ಬಗ್ಗೆ ನಾನು ಏನೂ ಕೇಳುವುದಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ಎಂದಾದರೂ ಬರೆಯುತ್ತಿದ್ದೆನೋ ಇಲ್ಲವೋ, ನಿನ್ನೆಯಿಂದ ಅದನ್ನೇ ಯೋಚಿಸುತ್ತಿದ್ದೇನೆ. ಪೋಷಕರ ಜಾಗದಲ್ಲಿ ಅವನ ಬದಲು ನಿನ್ನ ಹೆಸರು ಹಾಕಲು ನಿನ್ನ ಸಹಿ ಬೇಕಂತೆ, ಫಾರ್ಮು ಇದರ ಜೊತೆ ಇಟ್ಟಿದ್ದೇನೆ. ಹೊಸ ಅರ್ಜಿಯ ತಾರೀಖಿಗೆ ನಾನು ಬರುತ್ತೇನೆ. ಉಡಿ ತುಂಬಿದ್ದು, ಸಕ್ಕರೆ ಹಾಕಿದ್ದು ಎಲ್ಲವನ್ನೂ ಜಡ್ಜ್ ಎದುರಿಗೆ ಹೇಳುತ್ತೇನೆ. ನಡುಗುತ್ತ ಹೇಳಿದರೂ ಬರೆದುಕೊಳ್ಳುತ್ತಾರಲ್ಲ.

ಇನ್ನು ಅವ್ವ.

ಅವನು ಹೋದ ಮೇಲೂ ಅವ್ವ ಎದ್ದಿರಲಿಲ್ಲ. ಕವರನ್ನು ಬೆಂಚಿನ ಮೇಲಿಟ್ಟು, ಮೇಡಂ ಕಡೆ ತಿರುಗಿ, “ನೀವೊಂದೀಟ ಹೊರಗ ಹೋಗ್ರೆಲಾ ಬಾಯಾರ. ನಾ ನನ್ನ ಮಗಳ ಜೋಡಿ ಮಾತಾಡಬೇಕು” ಅಂದಳು. ಮೇಡಂ ಅವ್ವನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನಾನು ಬೇಡ ಅಂತ ತಲೆ ಅಲ್ಲಾಡಿಸಿದೆ. ಅವರು ಕೂತೇ ಇದ್ದರು.

ಅವ್ವನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಮುಖ, ಮೇಡಂ ಮುಖ, ತೆರೆದ ಬಾಗಿಲು, ಎಲ್ಲ ನೋಡಿದಳು. 

“ನಾ ಹೆತ್ತ ಮಗಳ ಜೋಡಿ ಮಾತಾಡಾಕ ನನಗ ಮಂದೀನ ಕೂಡಿಸ್ಕೋಬೇಕೇನ?”

“ಕೂಡಿಸ್ಕೋಬೇಕು, ಯವ್ವಾ.”

ಬೈಯುತ್ತಾಳೆ ಅಂದುಕೊಂಡೆ. ಅಳುತ್ತಾಳೆ ಅಂದುಕೊಂಡೆ. ಅವ್ವ ಸೆರಗನ್ನು ಸರಿಮಾಡಿಕೊಂಡು, ಗುರುತಿಲ್ಲದ ಮನೆಗೆ ಬಂದವರಂತೆ ಬೆಂಚಿನ ತುದಿಗೆ ಕೂತಳು. ಆಮೇಲೆ, ಇಲ್ಲಿ ರೊಟ್ಟಿ ಮಾಡುತ್ತಾರೇನು ಅಂತ ಕೇಳಿದಳು. ಇಲ್ಲ, ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಅಂದೆ. ಅನ್ನ ಹಸಿಯಾಗಿರುತ್ತದೇನು ಅಂದಳು. ಇಲ್ಲ ಅಂದೆ. ಮೇಡಂ ತಿದ್ದುತ್ತಲೇ ಇದ್ದರು. ಹೊರಗೆ ಜೀಪಿನ ಹಾರ್ನ್ ಆಗುವವರೆಗೂ ನಾವಿಬ್ಬರೂ ಊಟದ ಮಾತನ್ನೇ ಆಡಿದೆವು.

ನಿನ್ನ ತಂಗಿ,
ರೋಹಿಣಿ